ಡಬ್ಲ್ಯುಡಿಎಂ–2: ಚಾಲೂ ಮಾಡುವ ಮುನ್ನ

ಕಪ್ಪು ಹೊಗೆ ಉಗುಳುತ್ತ ಗೂಡ್ಸನ್ನೂ ಎಕ್ಸ್‌ಪ್ರೆಸ್ಸನ್ನೂ ಒಂದೇ ಹುರುಪಿನಲ್ಲಿ ಎಳೆದ ಭಾರತೀಯ ರೈಲ್ವೆಯ ಡೀಸೆಲ್ ಎಂಜಿನ್ ಇದು. ಮೊದಲ ಕಂತು 1962ರಲ್ಲಿ ಅಮೆರಿಕದ ಆಲ್ಕೊ ಕಂಪನಿಯಿಂದ ಬಂತು. 1964ರಿಂದ ವಾರಾಣಸಿಯಲ್ಲೇ ತಯಾರಾಯಿತು. 16 ಸಿಲಿಂಡರ್, 2,600 ಅಶ್ವಶಕ್ತಿ. ಡೀಸೆಲ್ ಯಂತ್ರ ಗಾಲಿಗಳನ್ನು ನೇರವಾಗಿ ತಿರುಗಿಸುವುದಿಲ್ಲ. ಅದು ಜನರೇಟರ್ ಓಡಿಸುತ್ತದೆ, ಆ ವಿದ್ಯುತ್ತಿನಿಂದ ಆರು ಮೋಟಾರುಗಳು ಗಾಲಿ ಉರುಳಿಸುತ್ತವೆ.

ವರ್ಷಗಟ್ಟಲೆ ನಿಂತುಹೋದ ಇಂಥ ಎಂಜಿನ್ನಿಗೆ ಬಣ್ಣ ಬಳಿಯುವುದು ಸುಲಭ. ನೋಡುಗರು ಮೆಚ್ಚುವುದೂ ಅದನ್ನೇ. ಕಷ್ಟವಿರುವುದು ಒಳಗೆ. ತೇವ ಹಿಡಿದ ಜನರೇಟರಿನ ಸುರುಳಿಗಳನ್ನು ಒಣಗಿಸಿ, ವಿದ್ಯುತ್ ನಿರೋಧನ ಅಳೆಯುವ ಮೆಗ್ಗರ್‌ನಿಂದ ಪರೀಕ್ಷಿಸಬೇಕು. ಕಮ್ಯುಟೇಟರಿನ ತಾಮ್ರದ ಪಟ್ಟಿಗಳ ಸಂದಿಯಲ್ಲಿ ಕೂತ ಕಾರ್ಬನ್ ಪುಡಿ ಕೆರೆದು ತೆಗೆಯಬೇಕು. ಗಡುಸಾದ ರಬ್ಬರ್ ಸೀಲು, ಹೋಸುಗಳನ್ನು ಬದಲಿಸಬೇಕು.

ಬಳಿಕ ಪ್ರತಿ ಸಿಲಿಂಡರಿನ ಪರೀಕ್ಷಾ ತೂತಿನ ಪ್ಲಗ್ ಬಿಚ್ಚಿ, ಕ್ರ್ಯಾಂಕ್‌ಶಾಫ್ಟನ್ನು ಸರಳು ಹಾಕಿ ಕೈಯಿಂದಲೇ ನಿಧಾನವಾಗಿ ತಿರುಗಿಸುತ್ತಾರೆ. ತೂತಿನಿಂದ ನೀರು ಬಂತೋ, ಕೆಲಸ ಅಲ್ಲಿಗೇ ನಿಂತಂತೆ. ಪಿಸ್ಟನ್ ಒತ್ತಿದಾಗ ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಹಾಗೇ ಚಾಲೂ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗಿಹೋಗುತ್ತದೆ. ಈ ಪರೀಕ್ಷೆ ಮುಗಿಯದೆ ಅನುಭವಿ ಫಿಟರ್ ಯಾರೂ ಸ್ಟಾರ್ಟ್ ಬಟನ್ ಮುಟ್ಟುವುದಿಲ್ಲ.