ಕನ್ನಡಿ, ಬಿಳಿ ಬಟ್ಟೆ ಮತ್ತು ಒಂದು ಲೆನ್ಸ್

ಸಿನಿಮಾದ ಇತಿಹಾಸವನ್ನು ನಾವು ಹೆಚ್ಚಾಗಿ ನಿರ್ದೇಶಕರ ಹೆಸರಿನಲ್ಲಿ ಓದುತ್ತೇವೆ. ಕ್ಯಾಮೆರಾದ ಇತಿಹಾಸವನ್ನು ಅದನ್ನು ತಯಾರಿಸಿದ ಕಂಪನಿಗಳ ಹೆಸರಿನಲ್ಲಿ ಓದುತ್ತೇವೆ. ಈ ಕೋಣೆಯಲ್ಲಿ, ಇರುವ ಇಷ್ಟೇ ಬೆಳಕಿನಲ್ಲಿ, ಈ ದೃಶ್ಯವನ್ನು ಹೇಗೆ ತೆಗೆಯುವುದು ಎಂದು ತಲೆ ಕೆಡಿಸಿಕೊಂಡ ಛಾಯಾಗ್ರಾಹಕ ಮಾತ್ರ ಎರಡೂ ಇತಿಹಾಸಗಳಿಂದ ಜಾರಿಹೋಗುತ್ತಾನೆ. ಹೀಗಾಗಿಯೇ, ಒಳ್ಳೆಯ ಚಿತ್ರ ಮೂಡುವುದು ಒಳ್ಳೆಯ ಕ್ಯಾಮೆರಾದಿಂದ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. 1956, 1959 ಮತ್ತು 1975ರ ಮೂರು ಸಿನಿಮಾಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಬೇರೆಯದೇ ಕಥೆ ಕಾಣುತ್ತದೆ. ಅದು ಬೆಳಕಿನ ಕೊರತೆಯ ಕಥೆ.

ಮೊದಲು ಒಂದಿಷ್ಟು ಲೆಕ್ಕ. ಫಿಲ್ಮಿನ ಮೇಲೆ ಚಿತ್ರ ಮೂಡಬೇಕಾದರೆ ಇಂತಿಷ್ಟು ಬೆಳಕು ಬೀಳಲೇಬೇಕು. ಸಿನಿಮಾ ಕ್ಯಾಮೆರಾ ಸೆಕೆಂಡಿಗೆ 24 ಫ್ರೇಮ್ ತೆಗೆಯುವುದರಿಂದ, ಸ್ಥಿರಚಿತ್ರದವರ ಹಾಗೆ ಶಟರನ್ನು ಬೇಕಾದಷ್ಟು ಹೊತ್ತು ತೆರೆದಿಡಲು ಆಗದು. ಉಳಿಯುವುದು ಮೂರೇ ದಾರಿ: ಬೆಳಕಿಗೆ ಬೇಗ ಸ್ಪಂದಿಸುವ ಫಿಲ್ಮ್ ಬಳಸುವುದು, ದೃಶ್ಯದ ಮೇಲೆ ಬೆಳಕು ಹೆಚ್ಚಿಸುವುದು, ಇಲ್ಲವೇ ಲೆನ್ಸಿನ ಕಿಂಡಿಯನ್ನು, ಅಂದರೆ ಅಪರ್ಚರನ್ನು, ದೊಡ್ಡದು ಮಾಡುವುದು. ಅಪರ್ಚರಿನ ಸಂಖ್ಯೆ 2.8ರಿಂದ 2ಕ್ಕೆ ಇಳಿದರೆ ಒಳಬರುವ ಬೆಳಕು ಎರಡು ಪಟ್ಟಾಗುತ್ತದೆ, 2ರಿಂದ 1.4ಕ್ಕೆ ಇಳಿದರೆ ಮತ್ತೆ ಎರಡು ಪಟ್ಟು. ಆದರೆ ಯಾವುದೂ ಪುಕ್ಕಟೆಯಲ್ಲ. ವೇಗದ ಫಿಲ್ಮಿನಲ್ಲಿ ಕಣಗಳು ಎದ್ದು ಕಾಣುತ್ತವೆ. ದೀಪ ಹೆಚ್ಚಿಸಿದರೆ ನೆರಳುಗಳೂ ಹೆಚ್ಚುತ್ತವೆ. ಕಿಂಡಿ ಹಿಗ್ಗಿಸಿದರೆ ಫೋಕಸ್ಸಿನ ಆಳ ಕುಗ್ಗುತ್ತದೆ. ಭಾಮಿನಿ ಷಟ್ಪದಿಯಲ್ಲಿ ಬರೆಯುವ ಕವಿಗೆ ಮಾತ್ರೆಗಳು ಹೇಗೋ, ಛಾಯಾಗ್ರಾಹಕನಿಗೆ ಈ ಲೆಕ್ಕ ಹಾಗೆ. ಅದರ ಒಳಗೇ ಆತ ಹೇಳಬೇಕಾದ್ದನ್ನು ಹೇಳಬೇಕು.

ಮೊದಲನೆಯ ಉದಾಹರಣೆ ಬಂಗಾಳದ್ದು. ಸುಬ್ರತ ಮಿತ್ರ ಅವರು ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಗೆ ಕ್ಯಾಮೆರಾ ಹಿಡಿದಾಗ ಅವರಿಗೆ ಇಪ್ಪತ್ತೊಂದು ಇಪ್ಪತ್ತೆರಡರ ವಯಸ್ಸು. ಅದಕ್ಕೂ ಮೊದಲು ಅವರು ಸಿನಿಮಾ ಕ್ಯಾಮೆರಾ ನಡೆಸಿದವರಲ್ಲ. ಫ್ರಾನ್ಸಿನ ಜಾನ್ ರೆನ್ವಾರ್ ಬಂಗಾಳಕ್ಕೆ ಬಂದು ‘ದಿ ರಿವರ್’ ತೆಗೆದಾಗ ಚಿತ್ರೀಕರಣ ನೋಡುತ್ತ ನಿಂತದ್ದೇ ಅವರ ಶಾಲೆ. ಮುಂದಿನ ಚಿತ್ರ ‘ಅಪರಾಜಿತೊ’ದಲ್ಲಿ ಅವರ ಎದುರು ನಿಜವಾದ ಕಗ್ಗಂಟು ಬಂತು. ಕಥೆಯಲ್ಲಿ ಹರಿಹರನ ಕುಟುಂಬ ಕಾಶಿಯ ಒಂದು ಹಳೆಯ ಮನೆಯಲ್ಲಿರುತ್ತದೆ. ನಡುವೆ ಅಂಗಳ, ಸುತ್ತ ಕೋಣೆಗಳು. ಬೆಳಕು ಬರುವುದು ಮೇಲಿನ ಆಕಾಶದಿಂದ ಮಾತ್ರ. ಆ ಮನೆಯ ಸೆಟ್ಟನ್ನು ಕಲಾ ನಿರ್ದೇಶಕ ಬನ್ಸಿ ಚಂದ್ರಗುಪ್ತ ಅವರು ಕಲ್ಕತ್ತೆಯ ಸ್ಟುಡಿಯೋದಲ್ಲಿ ಕಟ್ಟಬೇಕಾಯಿತು.

ನಮ್ಮ ತೊಟ್ಟಿಮನೆಗಳನ್ನು ಬಲ್ಲವರಿಗೆ ಆ ಬೆಳಕು ಗೊತ್ತು. ಅದು ಒಂದು ದಿಕ್ಕಿನಿಂದ ಬೀಳುವ ಬೆಳಕಲ್ಲ, ಇಡೀ ಅಂಗಳವನ್ನು ತುಂಬಿಕೊಳ್ಳುವ ಬೆಳಕು. ಅಲ್ಲಿ ಗೆರೆ ಎಳೆದಂಥ ನೆರಳು ಇರುವುದಿಲ್ಲ. ಸ್ಟುಡಿಯೋದ ದೀಪಗಳೋ, ಪ್ರತಿಯೊಂದೂ ತನ್ನದೇ ನೆರಳನ್ನು ಹುಟ್ಟಿಸುತ್ತದೆ. ಮಿತ್ರ ಅವರು ಸೆಟ್ಟಿನ ಮೇಲೆ ಬಿಳಿ ಬಟ್ಟೆ ಕಟ್ಟಿಸಿ, ದೀಪಗಳ ಮುಖವನ್ನು ನಟರ ಕಡೆಗಲ್ಲ, ಆ ಬಟ್ಟೆಯ ಕಡೆಗೆ ತಿರುಗಿಸಿದರು. ಬಟ್ಟೆಗೆ ತಾಗಿ ಹಿಂತಿರುಗಿದ ಬೆಳಕೇ ಆಕಾಶವಾಯಿತು. ಬೆಳಕಿನ ಮೂಲ ಹಿರಿದಾದಷ್ಟೂ ನೆರಳಿನ ಅಂಚು ಮೆತ್ತಗಾಗುತ್ತದೆ ಎಂಬುದು ಇದರ ಹಿಂದಿನ ಸರಳ ತತ್ವ. ಇದಕ್ಕೆ ತೆತ್ತ ಬೆಲೆಯೂ ಇದೆ: ಬಟ್ಟೆಗೆ ಹೊಡೆದ ಬೆಳಕಿನಲ್ಲಿ ದೊಡ್ಡ ಪಾಲು ನಟರ ಮುಖಕ್ಕೆ ತಲುಪುವುದೇ ಇಲ್ಲ. ಅಂದಿನ ಮಂದ ಫಿಲ್ಮಿನಲ್ಲಿ ಅದು ಸಣ್ಣ ನಷ್ಟವಲ್ಲ. ಕೆಲವು ವರ್ಷಗಳ ನಂತರ ಸ್ವೀಡನ್ನಿನ ಸ್ವೆನ್ ನಿಕ್ವಿಸ್ಟ್ ಇಂಥದೇ ಮೃದು ಬೆಳಕಿಗೆ ಜಗತ್ತಿನಾದ್ಯಂತ ಹೆಸರಾದರು. ತಮ್ಮ ತಂಡ ಅದನ್ನು ಮೊದಲೇ ಮಾಡುತ್ತಿತ್ತೆಂದು ರಾಯ್ ಬರೆದು ದಾಖಲಿಸಬೇಕಾಯಿತು. ಕಲ್ಕತ್ತೆಯ ಸ್ಟುಡಿಯೋ ಒಂದರಲ್ಲಿ ಕಟ್ಟಿದ್ದ ಬಟ್ಟೆಯನ್ನು ನೋಡಿದವರು ಕಡಿಮೆ.

ಎರಡನೆಯ ಉದಾಹರಣೆಯ ನಾಯಕ ನಮ್ಮ ಮೈಸೂರಿನವರು. 1923ರಲ್ಲಿ ಹುಟ್ಟಿದ ವಿ.ಕೆ. ಮೂರ್ತಿಯವರು ಛಾಯಾಗ್ರಹಣ ಕಲಿತದ್ದು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಸಂಸ್ಥೆಯಲ್ಲಿ, ಇಂದಿನ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುರುವಾದದ್ದು 1960ರಲ್ಲಿ. ಮೂರ್ತಿಯವರು ಡಿಪ್ಲೊಮಾ ಮುಗಿಸಿದ್ದು 1946ರಲ್ಲಿ. ಬೊಂಬಾಯಿಗೆ ಹೋಗಿ ಗುರುದತ್ ಅವರ ಜೊತೆ ಸೇರಿದ ಅವರ ಎದುರಿಗೆ 1959ರ ‘ಕಾಗಜ್ ಕೆ ಫೂಲ್’ನಲ್ಲಿ ಬಂದದ್ದು ಹೊಸ ಲೆನ್ಸು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ಅದು.

ಸಿನಿಮಾಸ್ಕೋಪಿನ ಗುಟ್ಟು ಇಷ್ಟೇ. ಫಿಲ್ಮಿನ ಅಗಲ ಹಳೆಯದೇ, 35 ಮಿಲಿಮೀಟರ್. ಅನಮಾರ್ಫಿಕ್ ಲೆನ್ಸು ಎದುರಿನ ದೃಶ್ಯವನ್ನು ಅಡ್ಡಡ್ಡವಾಗಿ ಅರ್ಧಕ್ಕೆ ಹಿಂಡಿ ಅದರ ಮೇಲೆ ಕೂರಿಸುತ್ತದೆ. ಚಿತ್ರಮಂದಿರದ ಪ್ರೊಜೆಕ್ಟರಿನ ಲೆನ್ಸು ಅದನ್ನು ಮತ್ತೆ ಹಿಗ್ಗಿಸುತ್ತದೆ. ಫ್ರಾನ್ಸಿನ ಆನ್ರಿ ಕ್ರೆತಿಯನ್ 1920ರ ದಶಕದಲ್ಲೇ ಮಾಡಿಟ್ಟಿದ್ದ ಈ ಉಪಾಯವನ್ನು ಹಾಲಿವುಡ್ಡಿನ ಟ್ವೆಂಟಿಯತ್ ಸೆಂಚುರಿ ಫಾಕ್ಸ್ 1953ರಲ್ಲಿ ‘ದಿ ರೋಬ್’ ಮೂಲಕ ಪರದೆಗೆ ತಂದಿತ್ತು. ಟೆಲಿವಿಷನ್ನಿನತ್ತ ಹೊರಟ ಪ್ರೇಕ್ಷಕರನ್ನು ಹಿಡಿದಿಡುವುದು ಅದರ ಉದ್ದೇಶ. ಆ ಕಾಲದ ಲೆನ್ಸುಗಳಿಗೆ ಒಂದು ಕಾಟವಿತ್ತು: ತೀರ ಹತ್ತಿರದಿಂದ ತೆಗೆದರೆ ನಟರ ಮುಖ ಕೆಪ್ಪಟೆರಾಯ ಬಂದಂತೆ ಊದಿ ಕಾಣುತ್ತಿತ್ತು.

ಮುಖಕ್ಕೆ ಒಗ್ಗದ ಆ ಅಗಲವನ್ನು ಮೂರ್ತಿಯವರು ಖಾಲಿತನಕ್ಕೆ ಬಳಸಿಕೊಂಡರು. ಬರಿದಾದ ಸ್ಟುಡಿಯೋದಲ್ಲಿ ಗುರುದತ್ ಮತ್ತು ವಹೀದಾ ರೆಹಮಾನ್ ದೂರದೂರ ನಿಂತಿರುವ, ಗೀತಾ ದತ್ ಕಂಠದ ಹಾಡಿನ ದೃಶ್ಯ ಅದು. ಮೇಲಿನಿಂದ ಒಂದು ಬೆಳಕಿನ ಕೋಲು ಕತ್ತಲನ್ನು ಸೀಳಿಕೊಂಡು ಇಳಿಯುತ್ತದೆ. ಸ್ಟುಡಿಯೋದ ದೀಪದಿಂದ ಅಂಥ ಕೋಲು ಹುಟ್ಟುವುದು ಕಷ್ಟ. ದೀಪದ ಬೆಳಕು ದೂರ ಹೋದಂತೆ ಹರಡಿ ತೆಳುವಾಗುತ್ತದೆ. ಸೂರ್ಯ ಬಹುದೂರದಲ್ಲಿರುವುದರಿಂದ ಅವನ ಕಿರಣಗಳು ಹೆಚ್ಚುಕಡಿಮೆ ಸಮಾನಾಂತರ. ಅವು ಹರಡದೆ ನೆಟ್ಟಗೆ ಬರುತ್ತವೆ. ಮೂರ್ತಿಯವರು ದೊಡ್ಡ ಕನ್ನಡಿಗಳನ್ನು ಇರಿಸಿ ಹೊರಗಿನ ಬಿಸಿಲನ್ನೇ ಸ್ಟುಡಿಯೋದ ಒಳಕ್ಕೆ ತಿರುಗಿಸಿದರು. ಒಂದು ಕನ್ನಡಿ ಹೊರಗೆ ಬಿಸಿಲನ್ನು ಹಿಡಿಯಿತು, ಇನ್ನೊಂದು ಒಳಗೆ ಅದನ್ನು ಕೆಳಕ್ಕೆ ಬಾಗಿಸಿತು. ಸೂರ್ಯ ನಿಂತಲ್ಲಿ ನಿಲ್ಲುವವನಲ್ಲ, ಹಾಗಾಗಿ ಕನ್ನಡಿಯೂ ಅವನ ಜೊತೆ ತಿರುಗುತ್ತಲೇ ಇರಬೇಕು. ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಗುರುದತ್ ಮತ್ತೆಂದೂ ತಮ್ಮ ಹೆಸರಿನಲ್ಲಿ ನಿರ್ದೇಶಿಸಲಿಲ್ಲ. ಛಾಯಾಗ್ರಹಣಕ್ಕೆ ಮಾತ್ರ ಫಿಲ್ಮ್‌ಫೇರ್ ಪ್ರಶಸ್ತಿ ಬಂತು.

ಮೂರನೆಯದು ಹಣವೂ ಸಮಯವೂ ಇದ್ದವರ ಕಥೆ. ಸ್ಟ್ಯಾನ್ಲಿ ಕುಬ್ರಿಕ್ ‘ಬ್ಯಾರಿ ಲಿಂಡನ್’ನಲ್ಲಿ ಹದಿನೆಂಟನೆಯ ಶತಮಾನದ ರಾತ್ರಿಯ ಕೋಣೆಗಳನ್ನು ಬರೀ ಮೇಣದಬತ್ತಿಯ ಬೆಳಕಿನಲ್ಲಿ ತೆಗೆಯಬೇಕೆಂದು ಹೊರಟರು. ಇದಕ್ಕೆ ಅವರು ಹುಡುಕಿದ್ದು ನಾಸಾದ ಚಂದ್ರಯಾನಕ್ಕಾಗಿ ಝೈಸ್ ಕಂಪನಿ ತಯಾರಿಸಿದ್ದ 50 ಮಿಲಿಮೀಟರಿನ ಲೆನ್ಸು. ಅದರ ಅಪರ್ಚರ್ 0.7. ಅಂದರೆ 2ರ ಲೆನ್ಸಿಗಿಂತ ಸುಮಾರು ಎಂಟು ಪಟ್ಟು ಬೆಳಕು. ಅದನ್ನು ಕೂರಿಸಲು ಮಿಚೆಲ್ ಕ್ಯಾಮೆರಾವನ್ನೇ ಮಾರ್ಪಡಿಸಬೇಕಾಯಿತು. ಇಷ್ಟಾದರೂ ಬೆಳಕು ಸಾಲದೆ, 100 ಎಎಸ್‌ಎ ಫಿಲ್ಮನ್ನು ಸಂಸ್ಕರಣೆಯಲ್ಲಿ 200ಕ್ಕೆ ಏರಿಸಿದರು. ಇಲ್ಲಿಯ ಬೆಲೆ ಫೋಕಸ್. ನಟರು ತುಸು ಮುಂದೆ ಬಾಗಿದರೂ ಮುಖ ಮಸುಕು. ಆದ್ದರಿಂದ ಅವರು ಅಲುಗದೆ ಕೂರಬೇಕಾಯಿತು. ಪಕ್ಕದಿಂದ ಒಂದು ವಿಡಿಯೋ ಕ್ಯಾಮೆರಾ ಇರಿಸಿ ಅವರ ದೂರವನ್ನು ಅಳೆಯುತ್ತಿದ್ದರು. ಆ ಕಾಲದ ವರ್ಣಚಿತ್ರಗಳಂತೆ ಕಾಣುವ ಆ ದೃಶ್ಯಗಳ ಸ್ತಬ್ಧತೆಯಲ್ಲಿ ಕಲೆಯಷ್ಟೇ ಪಾಲು ಈ ಲೆನ್ಸಿನ ಮಿತಿಯದೂ ಇದೆ. ಛಾಯಾಗ್ರಾಹಕ ಜಾನ್ ಆಲ್ಕಾಟ್ ಅವರಿಗೆ ಆಸ್ಕರ್ ಬಂತು.

ಬಟ್ಟೆಗೂ ಕನ್ನಡಿಗೂ ಚಂದ್ರಯಾನದ ಲೆನ್ಸಿಗೂ ಬೆಲೆಯಲ್ಲಿ ಅಜಗಜಾಂತರ. ಕೆಲಸದ ಕ್ರಮ ಮಾತ್ರ ಒಂದೇ. ಮೂವರೂ ಮೊದಲು ಕೇಳಿಕೊಂಡದ್ದು, ಈ ಜಾಗದಲ್ಲಿ ಬೆಳಕು ನಿಜವಾಗಿ ಎಲ್ಲಿಂದ ಬರುತ್ತದೆ ಎಂದು. ಆಮೇಲೆ, ಅದನ್ನು ಪಡೆಯಲು ಏನನ್ನು ಬಿಟ್ಟುಕೊಡಬಹುದು ಎಂದು. ಚಿತ್ರದ ಗುಣಮಟ್ಟ ಎಂದರೆ ಗೊತ್ತಿದ್ದೂ ತೆತ್ತ ಈ ಬೆಲೆಯೇ. ಇಂದಿನ ಡಿಜಿಟಲ್ ಕ್ಯಾಮೆರಾದಲ್ಲಿ ಐಎಸ್‌ಒ 3200 ಮಾಮೂಲು, 100ರ ಫಿಲ್ಮಿಗಿಂತ 32 ಪಟ್ಟು ವೇಗ. ಬೆಲೆ ಈಗಲೂ ಇದೆ. ಆದರೆ ಕತ್ತಲು ಎಷ್ಟಿರಬೇಕು, ಮುಖ ಎಷ್ಟು ನುಣುಪಾಗಬೇಕು ಎಂದು ಮೊಬೈಲ್ ತಾನೇ ತೀರ್ಮಾನಿಸಿಬಿಡುತ್ತದೆ. ಕಿರುಚಿತ್ರ ಮಾಡಹೊರಟ ವಿದ್ಯಾರ್ಥಿ ದುಬಾರಿ ಕ್ಯಾಮೆರಾಗೆ ಕಾಯುವ ಮೊದಲು, ಕಿಟಕಿಯ ಎದುರು ಒಂದು ಬಿಳಿ ಪಂಚೆ ಹಿಡಿದು, ಮುಖದ ಮೇಲಿನ ನೆರಳು ಏನಾಗುತ್ತದೆ ಎಂದು ನೋಡಲಿ. ಆ ತೀರ್ಮಾನ ಅಲ್ಲಿಂದ ಮತ್ತೆ ಅವರ ಕೈಗೆ ಬರುತ್ತದೆ.

ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಶುರುವಾದದ್ದು 1969ರಲ್ಲಿ. ಛಾಯಾಗ್ರಾಹಕನೆಂಬ ನೆಲೆಯಲ್ಲಿ ಅದನ್ನು ಪಡೆದವರಲ್ಲಿ ಮೂರ್ತಿಯವರೇ ಮೊದಲಿಗರು, ಅದೂ 2008ರ ಸಾಲಿಗೆ. ಆ ಹೊತ್ತಿಗೆ ಅವರ ವಯಸ್ಸು ಎಂಬತ್ತು ದಾಟಿತ್ತು. 2014ರಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಆ ಬೆಳಕಿನ ಕೋಲು ಮಾತ್ರ ಇಂದಿಗೂ ಹಾಗೆಯೇ ಇಳಿಯುತ್ತಿದೆ. ಅದನ್ನು ನೋಡುವಾಗ ಕನ್ನಡಿ ಹಿಡಿದವರನ್ನೂ ನೆನೆದರೆ, ಸಿನಿಮಾದ ಇತಿಹಾಸ ಓದುವುದನ್ನು ನಾವು ಇನ್ನಷ್ಟು ಸರಿಯಾಗಿ ಆರಂಭಿಸಿದಂತೆ.