ಫಾರ್ಮ್ಯಾಟ್ ಎಂಬ ಚಿಕಿತ್ಸೆ: ಒಂದು ನಂಬಿಕೆಯ ಇತಿಹಾಸ

ಮನೆಯ ಗಣಕಯಂತ್ರದಲ್ಲಿರುವ ಎರಡನೆಯ ಹಾರ್ಡ್ ಡಿಸ್ಕು ಕೆಡುವ ಸೂಚನೆಯನ್ನು ತೋರಿದೊಡನೆ ಅದರ ಒಡೆಯನಿಗೆ ದೊರೆಯುವ ಮೊದಲನೆಯ ಸಲಹೆ ಸಾಮಾನ್ಯವಾಗಿ ಒಂದೇ: 'ಫಾರ್ಮ್ಯಾಟ್ ಮಾಡಿ ನೋಡಿ.' ಈ ಸಲಹೆ ಎಲ್ಲಿಂದ ಹುಟ್ಟಿತು, ಅದಕ್ಕೆ ಎಂದಾದರೂ ಆಧಾರವಿದ್ದಿತೆ, ಇದ್ದಿದ್ದರೆ ಆ ಆಧಾರ ಈಗಲೂ ಉಳಿದಿದೆಯೆ ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ. ಇದು ಯಂತ್ರಶಾಸ್ತ್ರದ ವಿಷಯ, ಚರಿತ್ರೆಯ ವಿದ್ಯಾರ್ಥಿಗೆ ಇದರಿಂದೇನು ಎಂದು ಕೆಲವರು ಕೇಳಬಹುದು. ಮೊದಲನೆಯ ಡಿಸ್ಕಿನಲ್ಲಿ ಸಾಧಾರಣವಾಗಿ ಯಂತ್ರವನ್ನು ನಡೆಸತಕ್ಕ ಕ್ರಮವಿಧಿಗಳಿರುತ್ತವೆ. ಅವು ನಾಶವಾದರೆ ಮತ್ತೆ ತಂದು ಸ್ಥಾಪಿಸಬಹುದು. ಎರಡನೆಯದರಲ್ಲಿರುವುದು ಮನೆತನದ ಭಾವಚಿತ್ರಗಳು, ಪತ್ರಗಳು, ಲೆಕ್ಕಪತ್ರಗಳು, ಸಂಶೋಧಕನಾಗಿದ್ದರೆ ಅವನ ಟಿಪ್ಪಣಿಗಳು ಮತ್ತು ಶಾಸನಗಳ ಚಿತ್ರಗಳು. ನಾಳಿನ ಸ್ಥಳೀಯ ಚರಿತ್ರೆಗೆ ಇವೇ ಆಕರಗಳು. ಆದಕಾರಣ ಈ ಪ್ರಶ್ನೆ ನಮ್ಮದೂ ಹೌದು.

ಮೊದಲಿಗೆ ಪದದ ಅರ್ಥವನ್ನು ನಿರ್ಧರಿಸಿಕೊಳ್ಳಬೇಕು. ಫಾರ್ಮ್ಯಾಟ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಕಾರ್ಯಗಳು ಅಡಗಿವೆ. ಡಿಸ್ಕಿನ ಕಾಂತೀಯ ಮೈಮೇಲೆ ವೃತ್ತಾಕಾರದ ಪಥಗಳನ್ನೂ, ಪ್ರತಿಯೊಂದು ಪಥದಲ್ಲಿ ಸೆಕ್ಟರ್ ಎಂಬ ಖಂಡಗಳನ್ನೂ ಗುರುತುಮಾಡುವುದು ಮೊದಲನೆಯದು. ಇದಕ್ಕೆ ಕೆಳಹಂತದ ಫಾರ್ಮ್ಯಾಟ್ ಎನ್ನಬಹುದು. ಹೀಗೆ ಸಿದ್ಧವಾದ ಮೈಮೇಲೆ ಕಡತಗಳ ಹೆಸರು ಮತ್ತು ಸ್ಥಾನಗಳನ್ನು ತಿಳಿಸುವ ಸೂಚಿಯನ್ನು ಸ್ಥಾಪಿಸುವುದು ಎರಡನೆಯದು. ಇದು ಮೇಲುಹಂತದ ಫಾರ್ಮ್ಯಾಟ್. ನಮ್ಮ ಪೂರ್ವಿಕರು ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲನ್ನೂ ಬಳಿದು ಕಡತವನ್ನು ಸಿದ್ಧಪಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬರೆದುದನ್ನು ಒರಸಿ ಮತ್ತೆ ಬರೆಯಲೂ ಬಹುದಾಗಿತ್ತು. ಬಟ್ಟೆಗೆ ಹೊಸದಾಗಿ ಬಣ್ಣ ಬಳಿಯುವುದಕ್ಕೂ ಮೊದಲ ಪುಟದ ವಿಷಯಸೂಚಿಯನ್ನಷ್ಟೇ ಒರಸುವುದಕ್ಕೂ ಇರುವ ಅಂತರವೇ ಈ ಎರಡು ಕಾರ್ಯಗಳ ನಡುವೆಯೂ ಇದೆ.

ಹಾರ್ಡ್ ಡಿಸ್ಕಿನ ಚರಿತ್ರೆ 1956ರಲ್ಲಿ ಐಬಿಎಂ ಸಂಸ್ಥೆಯ ರಾಮ್ಯಾಕ್ ಯಂತ್ರದೊಡನೆ ಆರಂಭವಾಗುತ್ತದೆ. 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದ ಅದರ ಸಂಗ್ರಹಸಾಮರ್ಥ್ಯ 50 ಲಕ್ಷ ಅಕ್ಷರಗಳು ಮಾತ್ರ. ಅಂತಹ ಯಂತ್ರಗಳು ದೊಡ್ಡ ಸಂಸ್ಥೆಗಳ ಸ್ವತ್ತು. ಅವುಗಳ ಆರೈಕೆಗೆ ತಜ್ಞರಿದ್ದರು. 1980ರಲ್ಲಿ ಸೀಗೇಟ್ ಸಂಸ್ಥೆ 5 ಮೆಗಾಬೈಟಿನ ಸಣ್ಣ ಡಿಸ್ಕನ್ನು ಹೊರತಂದಿತು. 1983ರಲ್ಲಿ ಐಬಿಎಂನ ಪಿಸಿ ಎಕ್ಸ್‌ಟಿ 10 ಮೆಗಾಬೈಟಿನ ಡಿಸ್ಕಿನೊಡನೆ ಮಾರುಕಟ್ಟೆಗೆ ಬಂದಿತು. ಹೀಗೆ ಡಿಸ್ಕು ಸಾಮಾನ್ಯ ಬಳಕೆದಾರನ ಮೇಜನ್ನು ಸೇರಿತು. ಅದರ ಆರೈಕೆಯ ಭಾರವೂ ಅವನ ಮೇಲೆಯೇ ಬಿದ್ದಿತು.

ಆ ಕಾಲದ ಅಗ್ಗದ ಡಿಸ್ಕುಗಳಲ್ಲಿ ಓದುವ ತಲೆಯನ್ನು ಹೆಜ್ಜೆಹೆಜ್ಜೆಯಾಗಿ ಸರಿಸುವ ಸ್ಟೆಪ್ಪರ್ ಮೋಟಾರು ಇರುತ್ತಿತ್ತು. ಇಂತಿಷ್ಟು ಹೆಜ್ಜೆ ಸರಿದರೆ ಇಂತಹ ಪಥ ಸಿಕ್ಕುವುದೆಂಬ ಲೆಕ್ಕವೇ ಅದಕ್ಕೆ ಆಧಾರ. ತಲೆ ನಿಜವಾಗಿ ಪಥದ ಮೇಲೆಯೇ ನಿಂತಿದೆಯೆ ಎಂದು ಅರಿಯುವ ಉಪಾಯವಿರಲಿಲ್ಲ. ಉಷ್ಣತೆಯಿಂದಲೂ ಸವೆತದಿಂದಲೂ ತಲೆ ಕ್ರಮೇಣ ಪಕ್ಕಕ್ಕೆ ಸರಿಯುತ್ತಿತ್ತು. ಸೆಕ್ಟರಿನ ಗುರುತುಗಳು ಹಿಂದೆ ಬರೆದ ಎಡೆಯಲ್ಲಿಯೇ ಇರುತ್ತಿದ್ದುವು. ಹೊಸ ಬರೆಹ ಮಾತ್ರ ತುಸು ಆಚೆಗೆ ಬೀಳುತ್ತಿತ್ತು. ಕಡೆಗೊಂದು ದಿನ ಓದುವುದೇ ಅಸಾಧ್ಯವಾಗುತ್ತಿತ್ತು. ಆಗ ಕೆಳಹಂತದ ಫಾರ್ಮ್ಯಾಟ್ ಮಾಡಿದರೆ ತಲೆ ಈಗ ನಿಂತಿರುವ ಸ್ಥಾನದಲ್ಲಿಯೇ ಗುರುತುಗಳು ಹೊಸದಾಗಿ ಮೂಡಿ, ಡಿಸ್ಕು ಮತ್ತೆ ಕೆಲಸಮಾಡುತ್ತಿತ್ತು. ಕೆಟ್ಟ ಪಥಗಳ ಪಟ್ಟಿಯನ್ನು ಕಾರ್ಖಾನೆಯವರು ಡಿಸ್ಕಿನ ಮೇಲೆ ಚೀಟಿಯಾಗಿ ಅಂಟಿಸಿರುತ್ತಿದ್ದರು. ಫಾರ್ಮ್ಯಾಟ್ ಮಾಡುವವನು ಅದನ್ನು ಕೈಯಾರ ದಾಖಲಿಸಬೇಕಾಗಿತ್ತು. ಹೀಗಿರಲು, ಫಾರ್ಮ್ಯಾಟ್ ಒಂದು ಚಿಕಿತ್ಸೆಯೆಂಬ ನಂಬಿಕೆ ಆ ದಶಕದಲ್ಲಿ ಮೂಢನಂಬಿಕೆಯಾಗಿರಲಿಲ್ಲ. ಅನುಭವಸಿದ್ಧವಾದ ಜ್ಞಾನವೇ ಆಗಿತ್ತು.

1986ರ ಸುಮಾರಿಗೆ ಬಂದ ಐಡಿಇ ಪದ್ಧತಿಯಲ್ಲಿ ನಿಯಂತ್ರಕ ಭಾಗವು ಡಿಸ್ಕಿನೊಳಗೇ ಸೇರಿತು. ಮುಂದಿನ ವರ್ಷಗಳಲ್ಲಿ ತಲೆಯನ್ನು ಪಥದ ಮೇಲೆ ನಿಲ್ಲಿಸುವ ಸರ್ವೋ ಗುರುತುಗಳನ್ನು ಕಾರ್ಖಾನೆಯಲ್ಲಿಯೇ ಬರೆಯುವುದು ರೂಢಿಯಾಯಿತು. ಅಲ್ಲಿಂದ ಮುಂದೆ ಕೆಳಹಂತದ ಫಾರ್ಮ್ಯಾಟ್ ಬಳಕೆದಾರನ ಕೈತಪ್ಪಿಹೋಯಿತು. ಅವನ ಪಾಲಿಗೆ ಉಳಿದುದು ಸೂಚಿಯನ್ನು ಹೊಸದಾಗಿ ಬರೆಯುವ ಕಾರ್ಯ ಮಾತ್ರ. ಆದರೆ ಹೆಸರು ಬದಲಾಗಲಿಲ್ಲ. 1991ರ ಎಂಎಸ್-ಡಾಸ್ 5ರಲ್ಲಿ ಶೀಘ್ರ ಫಾರ್ಮ್ಯಾಟೂ, ಮಾಡಿದ ಫಾರ್ಮ್ಯಾಟನ್ನು ರದ್ದುಗೊಳಿಸುವ ಆಜ್ಞೆಯೂ ಇದ್ದುವೆಂಬುದೇ ಈ ಮಾತಿಗೆ ಸಾಕ್ಷಿ. ವಿಂಡೋಸ್ ಎಕ್ಸ್‌ಪಿಯ ಪೂರ್ಣ ಫಾರ್ಮ್ಯಾಟ್ ಕೂಡ ಸೆಕ್ಟರುಗಳನ್ನು ಪರೀಕ್ಷಿಸುತ್ತಿತ್ತೇ ಹೊರತು ಹಳೆಯ ಬರೆಹವನ್ನು ಅಳಿಸುತ್ತಿರಲಿಲ್ಲ. 2007ರಲ್ಲಿ ಸಾರ್ವಜನಿಕರಿಗೆ ದೊರೆತ ವಿಸ್ಟಾದಿಂದೀಚೆಗೆ ಪೂರ್ಣ ಫಾರ್ಮ್ಯಾಟ್ ಇಡೀ ಡಿಸ್ಕಿನ ಮೇಲೆ ಸೊನ್ನೆಗಳನ್ನು ಬರೆಯುತ್ತದೆ.

ಆಧಾರ ಕಳಚಿದ ಮೇಲೂ ನಂಬಿಕೆ ಹೇಗೆ ಉಳಿಯಿತು? ಇದಕ್ಕೊಂದು ಕಾರಣವಿದೆ. ಈಚಿನ ಡಿಸ್ಕುಗಳು ಕೆಲವು ಸೆಕ್ಟರುಗಳನ್ನು ಮೀಸಲಾಗಿ ಇಟ್ಟುಕೊಂಡಿರುತ್ತವೆ. ಓದಲಾಗದ ಸೆಕ್ಟರಿನ ಮೇಲೆ ಹೊಸದಾಗಿ ಬರೆಯಲು ಯತ್ನಿಸಿದಾಗ, ಆ ಸ್ಥಳ ನಿಜವಾಗಿ ಕೆಟ್ಟಿದ್ದರೆ, ಡಿಸ್ಕು ಅದನ್ನು ಬಿಟ್ಟು ಮೀಸಲಿನಿಂದ ಒಂದನ್ನು ನಿಯೋಜಿಸುತ್ತದೆ. ಆದ್ದರಿಂದ ಪೂರ್ಣ ಫಾರ್ಮ್ಯಾಟಿನ ತರುವಾಯ ದೋಷಸೂಚನೆ ಮಾಯವಾಗಿ, ಡಿಸ್ಕು ಗುಣವಾದಂತೆ ತೋರುತ್ತದೆ. ಈ ಗುಣ ಎಷ್ಟರಮಟ್ಟಿನದೆಂಬುದನ್ನು ಗೂಗಲ್ ಸಂಸ್ಥೆಯ ಪಿನ್‌ಹೇರೋ, ವೇಬರ್ ಮತ್ತು ಬರೋಸೋ ಎಂಬವರು ಲಕ್ಷಕ್ಕೂ ಮಿಕ್ಕ ಡಿಸ್ಕುಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಪ್ರಬಂಧ ತಿಳಿಸುತ್ತದೆ. ಒಂದು ಸೆಕ್ಟರು ಹೀಗೆ ಬದಲಾದ ಡಿಸ್ಕು ಮುಂದಿನ 60 ದಿನಗಳಲ್ಲಿ ವಿಫಲವಾಗುವ ಸಂಭವ ಇತರ ಡಿಸ್ಕುಗಳಿಗಿಂತ 14 ಪಟ್ಟು ಹೆಚ್ಚು. ಮೈಪರೀಕ್ಷೆಯಲ್ಲಿ ಮೊದಲ ದೋಷ ಕಂಡಮೇಲೆ 39 ಪಟ್ಟು ಹೆಚ್ಚು. ವಿಫಲವಾದ ಡಿಸ್ಕುಗಳಲ್ಲಿ ಶೇಕಡ 56ಕ್ಕೂ ಹೆಚ್ಚಿನವು ನಾಲ್ಕು ಪ್ರಬಲ ಸೂಚನೆಗಳಲ್ಲಿ ಒಂದನ್ನೂ ತೋರಿರಲಿಲ್ಲವೆಂಬುದು ಇನ್ನೂ ಗಮನಾರ್ಹ. ಎಂದರೆ ಸೂಚನೆ ಕಂಡರೆ ಭಯಕ್ಕೆ ಕಾರಣವುಂಟು. ಕಾಣದಿದ್ದರೆ ಅಭಯವೇನೂ ಇಲ್ಲ.

ಇದೇ ಅಜ್ಞಾನಕ್ಕೆ ಇನ್ನೊಂದು ಮುಖವಿದೆ. ಗಾರ್ಫಿಂಕೆಲ್ ಮತ್ತು ಶೆಲಾಟ್ ಎಂಬ ವಿದ್ವಾಂಸರು ಬಳಸಿ ಮಾರಿದ 158 ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ, 2003ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಸರಿಯಾಗಿ ಅಳಿಸಲ್ಪಟ್ಟಿದ್ದುವು 12 ಮಾತ್ರ. ಫಾರ್ಮ್ಯಾಟ್ ಆಗಿದ್ದ ಡಿಸ್ಕುಗಳಿಂದಲೂ ಹಿಂದಿನ ಒಡೆಯರ ಖಾಸಗಿ ಸಂಗತಿಗಳನ್ನು ತೆಗೆಯಲು ಸಾಧ್ಯವಾಗಿತ್ತು. ಉಳಿಸಬೇಕೆಂದವನಿಗೆ ಉಳಿಸಿಕೊಡದ ಕಾರ್ಯವು ಅಳಿಸಬೇಕೆಂದವನಿಗೆ ಅಳಿಸಿಯೂ ಕೊಡಲಿಲ್ಲ.

ಈ ವಿವೇಚನೆಯಿಂದ ಒಂದು ಕ್ರಮ ತಾನಾಗಿ ಸಿದ್ಧವಾಗುತ್ತದೆ. ಡಿಸ್ಕು ಕೆಡುವ ಸೂಚನೆ ಕಂಡಾಗ ಮೊದಲು ಅದರ ಮೇಲೆ ಬರೆಯುವುದನ್ನು ನಿಲ್ಲಿಸಬೇಕು. ಬಳಿಕ ಪ್ರತಿ ತೆಗೆಯಬೇಕು. ಸುಲಭವಾಗಿ ಓದಬರುವ ಭಾಗಗಳನ್ನು ಮೊದಲು ನಕಲು ಮಾಡಿ ಕೆಟ್ಟ ಭಾಗಗಳಿಗೆ ಕಡೆಯಲ್ಲಿ ಮರಳುವ ಡಿಡಿರೆಸ್ಕ್ಯೂವಿನಂತಹ ಸಾಧನಗಳು ಇದಕ್ಕೆ ಯೋಗ್ಯ. ಪ್ರತಿ ಓದಲು ಬರುತ್ತದೆಯೆಂದು ಪರೀಕ್ಷಿಸಿದ ಅನಂತರವೇ ಫಾರ್ಮ್ಯಾಟಿನ ಮಾತು. ಆಮೇಲೂ ಬೇರೆಡೆ ಪ್ರತಿಯಿಲ್ಲದ ಯಾವುದನ್ನೂ ಆ ಡಿಸ್ಕಿಗೆ ಒಪ್ಪಿಸಲಾಗದು.

ಓಲೆ ಶಿಥಿಲವಾದಾಗ ನಮ್ಮ ಲಿಪಿಕಾರರು ಹೊಸ ಓಲೆಯ ಮೇಲೆ ಪ್ರತಿಮಾಡಿದರು. ಹಳಗನ್ನಡದ ಕಾವ್ಯಗಳು ನಮ್ಮವರೆಗೆ ಬಂದುದು ಪ್ರತಿಯಿಂದ ಪ್ರತಿಗೆ ಸಾಗಿದ ಆ ಪರಂಪರೆಯಿಂದ. ಹಸ್ತಪ್ರತಿಗಳ ನಾಶವನ್ನು ಕುರಿತು ತರಗತಿಯಲ್ಲಿ ಪಾಠ ಹೇಳುವ ಅಧ್ಯಾಪಕರೂ ಅದನ್ನು ಕೇಳುವ ವಿದ್ಯಾರ್ಥಿಗಳೂ ತಮ್ಮ ತಮ್ಮ ಮನೆಯ ಎರಡನೆಯ ಡಿಸ್ಕಿಗೆ ಒಂದು ಪ್ರತಿ ಉಂಟೆ ಎಂದು ವಿಚಾರಿಸಿಕೊಳ್ಳುವುದು ಉಚಿತ.