ಸ್ಟುಡಿಯೊ ಭಾವಚಿತ್ರದ ಸೂಕ್ಷ್ಮ ವಿವರ: ಬೀದರ್ ಸೀಮೆಯ ಹಿನ್ನೆಲೆಯಲ್ಲಿ

ರೆಪ್ಪೆಗೂದಲು ಒಂದೊಂದಾಗಿ ಎಣಿಸುವಂತಿರಬೇಕು, ರುಮಾಲಿನ ನೂಲು, ಹಣೆಯ ಗೆರೆ, ಕಣ್ಣಿನ ಕಪ್ಪಿನಲ್ಲಿ ಮೂಡಿದ ಕಿಟಕಿಯ ಬಿಂಬ ಎಲ್ಲವೂ ಬಿಡಿಸಿಟ್ಟಂತೆ ಕಾಣಬೇಕು. ಸ್ಟುಡಿಯೊ ಭಾವಚಿತ್ರದಲ್ಲಿ ಇಷ್ಟು ಸ್ಪಷ್ಟತೆ ತರುವ ಪ್ರಯತ್ನಕ್ಕೆ ಛಾಯಾಗ್ರಹಣದಷ್ಟೇ ವಯಸ್ಸು. ಅದರ ಇತಿಹಾಸವನ್ನು ವಾಡಿಕೆಯಲ್ಲಿ ಮಸೂರಗಳ ಇತಿಹಾಸವಾಗಿ ಬರೆಯುತ್ತಾರೆ. ಆದರೆ ಉಳಿದಿರುವ ಚಿತ್ರಗಳನ್ನೂ ಉಪಕರಣಗಳನ್ನೂ ಒಟ್ಟಿಗಿಟ್ಟು ನೋಡಿದರೆ ತೋರುವುದು ಬೇರೆ: ಮಸೂರ ಬಹುಬೇಗ ಸಾಕಷ್ಟು ಒಳ್ಳೆಯದಾಗಿತ್ತು, ಕೊರತೆಯಿದ್ದದ್ದು ಬೆಳಕಿನದು, ಕೂತವರ ನಿಶ್ಚಲತೆಯದು. ಬೀದರ್ ನಗರ, ಭಾಲ್ಕಿ, ಔರಾದ್‌ನಂಥ ಊರುಗಳ ಭಾವಚಿತ್ರಗಳನ್ನು ಅರ್ಥ ಮಾಡಿಕೊಳ್ಳಲೂ ಈ ಎಳೆಯೇ ಹೆಚ್ಚು ನೆರವಾಗುತ್ತದೆ.

1839ರಲ್ಲಿ ಪ್ರಕಟವಾದ ದಾಗೆರ್‌ನ ವಿಧಾನದಲ್ಲಿ ಬೆಳ್ಳಿ ಲೇಪಿಸಿದ ತಾಮ್ರದ ಹಾಳೆಯ ಮೇಲೆ ಮೂಡುತ್ತಿದ್ದ ವಿವರ, ಭೂತಗನ್ನಡಿ ಹಿಡಿದು ನೋಡಿದರೂ ಕರಗುತ್ತಿರಲಿಲ್ಲ. ಕಟ್ಟಡಗಳಿಗೆ ಅದು ಸರಿಹೋಯಿತು. ಮನುಷ್ಯರು ಮಾತ್ರ ಅಷ್ಟೊಂದು ನಿಮಿಷ ಅಲುಗದೆ ಕೂರಲಾರರು. 1840ರಲ್ಲಿ ಜೋಸೆಫ್ ಪೆಟ್ಸ್‌ವಾಲ್ ಲೆಕ್ಕ ಹಾಕಿ ರೂಪಿಸಿದ, ಹೆಚ್ಚು ಬೆಳಕನ್ನು ಒಳಬಿಡುವ ಎಫ್/3.6 ಮಸೂರ ನಿಮಿಷಗಳನ್ನು ಸೆಕೆಂಡುಗಳಿಗೆ ಇಳಿಸಿತು. ಗಮನಿಸಬೇಕಾದ ಸಂಗತಿಯೆಂದರೆ, ಇದರ ಬಿಂಬ ನಡುವೆ ಮಾತ್ರ ಚೂಪಾಗಿತ್ತು, ಅಂಚುಗಳಲ್ಲಿ ಮಸುಕಾಗುತ್ತಿತ್ತು. ಆದರೂ ಸ್ಟುಡಿಯೊಗಳು ಅದನ್ನು ದಶಕಗಳ ಕಾಲ ಕೈಬಿಡಲಿಲ್ಲ. ಅಂಚು ಹಾಳಾದರೂ ಸರಿ, ಸಮಯ ಉಳಿಯಲಿ ಎಂಬುದು ಆ ಆಯ್ಕೆಯ ಅರ್ಥ. ಕುರ್ಚಿಯ ಹಿಂದೆ ಮರೆಯಲ್ಲಿ ನಿಂತು ತಲೆಯನ್ನು ಹಿಡಿದಿಡುತ್ತಿದ್ದ ಕಬ್ಬಿಣದ ಊರುಗೋಲು ಅದೇ ಕಾಲದ ಇನ್ನೊಂದು ಸಾಕ್ಷಿ. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್‌ನ ಒದ್ದೆ ಕೊಲೋಡಿಯನ್ ಗಾಜಿನ ಫಲಕ ಬಂತು, 1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಕ್ಸ್‌ನ ಒಣ ಜೆಲಟಿನ್ ಫಲಕ ಬಂತು. ಪ್ರತಿ ಹೆಜ್ಜೆಯಲ್ಲೂ ಗಳಿಕೆ ವೇಗದ್ದು ಇಲ್ಲವೇ ಅನುಕೂಲದ್ದು. ಮಸೂರದ ತೀಕ್ಷ್ಣತೆಯೇ ಮುಂದೆ ನಿಂತದ್ದು 1902ರ ಟೆಸ್ಸಾರ್ ಮಸೂರದಂಥ ಕೆಲವು ಸಂದರ್ಭಗಳಲ್ಲಿ ಮಾತ್ರ.

ಬೀದರ್ ಸೀಮೆ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಆದ್ದರಿಂದ ಇಲ್ಲಿನ ಛಾಯಾಚಿತ್ರದ ಹಿನ್ನೆಲೆ ಹುಡುಕುವವರು ಬೆಂಗಳೂರಿಗಿಂತ ಮೊದಲು ಸಿಕಂದರಾಬಾದಿನ ಕಡೆ ನೋಡಬೇಕು. ಲಾಲಾ ದೀನ್ ದಯಾಳ್ (1844–1905) ಅಲ್ಲಿ 1886ರಲ್ಲಿ ಸ್ಟುಡಿಯೊ ತೆರೆದರು, ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಅವರ ಆಸ್ಥಾನ ಛಾಯಾಗ್ರಾಹಕರಾದರು. ಪರದೆಯಲ್ಲಿರುವ ಹೆಂಗಸರಿಗಾಗಿ 1892ರಲ್ಲಿ ಹೈದರಾಬಾದಿನಲ್ಲಿ ಪ್ರತ್ಯೇಕ ಜನಾನಾ ಸ್ಟುಡಿಯೊ ಕೂಡ ಆರಂಭವಾಯಿತು. ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ 1989ರಲ್ಲಿ ದೀನ್ ದಯಾಳ್ ಸಂಸ್ಥೆಯ 2,857 ಗಾಜಿನ ನೆಗೆಟಿವ್‌ಗಳನ್ನು ಪಡೆದುಕೊಂಡಿತು. ದೀನ್ ದಯಾಳ್ ಕಾಲದ ದೊಡ್ಡ ಗಾಜಿನ ಫಲಕದಿಂದ ಅದೇ ಅಳತೆಯ ಪ್ರತಿಯನ್ನು ಕಾಗದಕ್ಕೆ ಒತ್ತಿ ತೆಗೆಯುತ್ತಿದ್ದರು. ಹಿಗ್ಗಿಸುವ ಗೊಡವೆಯಿಲ್ಲದ್ದರಿಂದ ವಿವರ ಚದುರುತ್ತಿರಲಿಲ್ಲ, ಜರಿಯ ಕಸೂತಿಯೂ ಮುತ್ತಿನ ಸರವೂ ಹಾಗೆಯೇ ಇಳಿದು ಬರುತ್ತಿದ್ದವು. ಇಲ್ಲಿ ಕೆಲಸ ಮಾಡಿದ್ದು ಫಲಕದ ವಿಸ್ತಾರ ಮತ್ತು ಹಗಲ ಬೆಳಕು.

ಮಸೂರಕ್ಕಿಂತ ಬೆಳಕು, ನಿಶ್ಚಲತೆಗಳೇ ಮುಖ್ಯ ಎಂಬುದನ್ನು ಲೆಕ್ಕವೂ ಹೇಳುತ್ತದೆ. 35 ಮಿ.ಮೀ. ಕ್ಯಾಮೆರಾಗೆ 85 ಮಿ.ಮೀ. ಮಸೂರ ಹಾಕಿ 2 ಮೀಟರ್ ದೂರದಿಂದ ಮುಖ ತೆಗೆದರೆ, ಎಫ್/1.8ರಲ್ಲಿ ಸ್ಪಷ್ಟವಾಗಿ ಕಾಣುವ ಆಳ ಸುಮಾರು 6 ಸೆಂ.ಮೀ. ಮಾತ್ರ. ಕಣ್ಣು ಚೂಪಾದರೆ ಕಿವಿ ಕರಗುತ್ತದೆ. ಎಫ್/8ಕ್ಕೆ ಇಳಿಸಿದರೆ ಆಳ ಸುಮಾರು 27 ಸೆಂ.ಮೀ. ಆಗಿ ಮುಖ ಪೂರ್ತಿ ಒಳಗೆ ಬರುತ್ತದೆ, ಆದರೆ ಬೆಳಕು ಸುಮಾರು ಇಪ್ಪತ್ತು ಪಟ್ಟು ಹೆಚ್ಚು ಬೇಕು. ಹಾಗೆಂದು ಎಫ್/22ರವರೆಗೆ ಹೋದರೆ ಬೆಳಕಿನ ಅಲೆಗಳೇ ಹರಡಿಕೊಂಡು ಪ್ರತಿ ಬಿಂದುವನ್ನೂ 0.03 ಮಿ.ಮೀ.ನಷ್ಟು ಅಗಲ ಮಾಡುತ್ತವೆ, ಗಳಿಸಿದ್ದು ಕೈಜಾರುತ್ತದೆ. ಇದೇ ದೂರದಲ್ಲಿ ಕೂತವರ ತಲೆ 1 ಮಿ.ಮೀ. ಅಲುಗಿದರೆ ಫಿಲ್ಮಿನ ಮೇಲಿನ ಬಿಂಬ 0.04 ಮಿ.ಮೀ.ಗೂ ಹೆಚ್ಚು ಸರಿಯುತ್ತದೆ. ಎಂಥ ಮಸೂರವಿದ್ದರೂ ಆ ಚಿತ್ರ ಕೆಟ್ಟಿತು. ಬಲ್ಬಿನ ಬೆಳಕಿನಲ್ಲಿ ಸೆಕೆಂಡಿನ ಎಂಟನೆಯ ಒಂದು ಭಾಗ ಕಾಯುತ್ತಿದ್ದ ಛಾಯಾಗ್ರಾಹಕ ‘ಅಲುಗಾಡಬೇಡ್ರಿ’ ಎಂದು ಗದರುತ್ತಿದ್ದುದರ ಹಿಂದೆ ಈ ಗಣಿತವೇ ಇದೆ. ಹೆರಾಲ್ಡ್ ಎಡ್ಜರ್ಟನ್ 1930ರ ದಶಕದಲ್ಲಿ ಬೆಳೆಸಿದ ಎಲೆಕ್ಟ್ರಾನಿಕ್ ಫ್ಲ್ಯಾಶ್ ಮುಂದೆ ಸ್ಟುಡಿಯೊಗಳಿಗೆ ಬಂದಾಗ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಕಿರಿದಾದ ಮಿಂಚು ಬೆಳಕಿನ ಕೊರತೆ, ಅಲುಗಾಟ ಎಂಬ ಎರಡೂ ತೊಡಕುಗಳನ್ನು ಒಟ್ಟಿಗೆ ಬಿಡಿಸಿತು. ಇಡೀ ಇತಿಹಾಸದ ಅತಿ ದೊಡ್ಡ ತಿರುವು ಇದೇ ಎಂದು ಹೇಳಬಹುದು.

ಸಣ್ಣ ಊರಿನ ಸ್ಟುಡಿಯೊಗಳಿಗೆ ಗಾಜಿನ ಫಲಕದ ನಂತರ ಬಂದದ್ದು 120 ರೋಲ್ ಫಿಲ್ಮ್. ಅದರ 6×6 ಸೆಂ.ಮೀ. ಚೌಕ, 35 ಮಿ.ಮೀ. ಚೌಕಟ್ಟಿನ ಮೂರೂವರೆ ಪಟ್ಟಿಗಿಂತ ದೊಡ್ಡದು. ಉದಕಮಂಡಲದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ 1960ರಲ್ಲಿ ಸ್ಥಾಪನೆಯಾಗಿ ‘ಇಂದು’ ಹೆಸರಿನ ಕಪ್ಪುಬಿಳುಪು ಸಾಮಗ್ರಿಯನ್ನು ದೇಶದಲ್ಲೇ ಒದಗಿಸಿತು. ಬಣ್ಣ ಬಳಿದ ಪರದೆಯ ಮುಂದೆ ತೆಗೆದ ಈ ಚಿತ್ರಗಳಲ್ಲಿ ವಿವರಕ್ಕೆ ಕುತ್ತಾದದ್ದು ಹಲವು ಸಲ ಡಾರ್ಕ್ ರೂಮಿನ ಆಚೆಗಿನ ಸೀಸದ ಕಡ್ಡಿ. ನೀಲಿ ಬೆಳಕಿಗಷ್ಟೇ ಸ್ಪಂದಿಸುತ್ತಿದ್ದ ಹಳೆಯ ಫಲಕಗಳು ಮೊಡವೆ, ಕಲೆಗಳನ್ನು ಕಪ್ಪಾಗಿ ಎತ್ತಿ ತೋರಿಸುತ್ತಿದ್ದುದರಿಂದ ನೆಗೆಟಿವ್ ಮೇಲೆ ಆ ಕಡ್ಡಿಯಿಂದ ತಿದ್ದುವುದು, ಅಂದರೆ ಟಚಿಂಗ್ ಮಾಡುವುದು ರೂಢಿಯಾಗಿತ್ತು. ಎಲ್ಲ ಬಣ್ಣಗಳನ್ನೂ ಗ್ರಹಿಸುವ ಫಿಲ್ಮ್ ಬಂದ ಮೇಲೂ ಆ ರೂಢಿ ಬಿಡಲಿಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ: ಮುಖಕ್ಕೆ ಇಷ್ಟು ವಿವರ ಯಾಕೆ? 1860ರ ದಶಕದಲ್ಲಿ ಜೂಲಿಯಾ ಮಾರ್ಗರೆಟ್ ಕ್ಯಾಮೆರನ್ ಬೇಕೆಂದೇ ಮೃದುವಾಗಿ ತೆಗೆದ ಮುಖಗಳು ಇಂದಿಗೂ ಬಾಡಿಲ್ಲ. 1866ರಲ್ಲಿ ಮಸೂರ ತಯಾರಕ ಡಾಲ್‌ಮೇಯರ್ ಮೃದುತ್ವವನ್ನು ಹೆಚ್ಚುಕಡಿಮೆ ಮಾಡಬಲ್ಲ ಮಸೂರವನ್ನೇ ಮಾರಿದ. ಕಲಾಕೃತಿಯಾಗಿ ನೋಡಿದರೆ ಆಕ್ಷೇಪ ಸರಿ. ಆದರೆ ಈ ಸೀಮೆಯ ಮನೆಗಳಲ್ಲಿ ಭಾವಚಿತ್ರಕ್ಕೆ ಇನ್ನೊಂದು ಕೆಲಸವಿದೆ. ವ್ಯಕ್ತಿ ತೀರಿಕೊಂಡ ಮೇಲೆ ಹಿಗ್ಗಿಸಿ, ಕಟ್ಟು ಹಾಕಿಸಿ, ಹಾರ ಹಾಕುವ ಚಿತ್ರಕ್ಕೆ ಮೂಲವಾಗುವುದು ಪಾಸ್‌ಪೋರ್ಟ್ ಸೈಜಿನ ಒಂದು ಪಟವೋ ಮತದಾರರ ಗುರುತಿನ ಚೀಟಿಯೋ ಆಗಿರುತ್ತದೆ. ಔರಾದ್ ತಾಲ್ಲೂಕಿನಲ್ಲಿದ್ದ ಕಮಲನಗರದಲ್ಲಿ 1890ರಲ್ಲಿ ಹುಟ್ಟಿ, ನಿಜಾಮರ ಆಡಳಿತದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರ ಮುಖವನ್ನು ಹೊಸ ತಲೆಮಾರು ತಿಳಿಯುವುದೂ ಭಾವಚಿತ್ರಗಳಿಂದಲೇ. ಪ್ರತಿಯಿಂದ ಪ್ರತಿ ತೆಗೆದಂತೆಲ್ಲ ಯಾವ ಮುಖವಾದರೂ ಸವೆಯುತ್ತದೆ. ಮೃದುತ್ವವನ್ನು ಆಮೇಲೂ ತರಬಹುದು, ದಾಖಲಾಗದೆ ಹೋದ ವಿವರವನ್ನು ಯಾರೂ ಮರಳಿ ತರಲಾರರು.

ಕಂಪ್ಯೂಟರ್ ಇರುವಾಗ ಅದೇನು ಕಷ್ಟ ಎಂಬುದು ಎರಡನೆಯ ಆಕ್ಷೇಪ. ‘ಶಾರ್ಪ್’ ಮಾಡುವ ತಂತ್ರ ಡಾರ್ಕ್ ರೂಮಿನ ಕಾಲದ್ದೇ. ಅದು ಅಂಚಿನ ಎರಡೂ ಬದಿಯ ಬಿಳುಪು ಕಪ್ಪುಗಳ ಅಂತರವನ್ನು ಹೆಚ್ಚಿಸುತ್ತದೆಯೇ ಹೊರತು ಹೊಸ ವಿವರ ತರುವುದಿಲ್ಲ. ಬಿದರಿ ಕುಸುರಿಯಲ್ಲಿ ಬೆಳ್ಳಿಯ ತಂತಿ ಎದ್ದು ಕಾಣುವುದು ಸುತ್ತಲಿನ ಲೋಹವನ್ನು ಕಪ್ಪಾಗಿಸಿದ್ದರಿಂದ, ಹಾಗೆ ಕಪ್ಪಾಗಿಸಿದ್ದಕ್ಕೆ ಹೊಸ ತಂತಿ ಹುಟ್ಟುವುದಿಲ್ಲ. ಈಗಿನ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಇನ್ನೂ ಮುಂದೆ ಹೋಗಿ, ಮಸುಕಾದ ಮುಖಕ್ಕೆ ತಾವು ಕಲಿತ ಲಕ್ಷಾಂತರ ಮುಖಗಳಿಂದ ಊಹಿಸಿದ ಕಣ್ಣು, ಹಲ್ಲು, ಚರ್ಮವನ್ನು ಕೂರಿಸುತ್ತವೆ. ಫಲಿತಾಂಶ ಚೂಪಾಗಿರುತ್ತದೆ, ಮುಖ ಮಾತ್ರ ತೀರಿಕೊಂಡವರದಾಗಿ ಉಳಿದಿರುವುದಿಲ್ಲ. ಮನೆಯವರು ಅದನ್ನೇ ಗೋಡೆಗೆ ಹಾಕಿಕೊಂಡರೆ ಮೊಮ್ಮಕ್ಕಳಿಗೆ ಉಳಿಯುವುದು ಸುಳ್ಳು ದಾಖಲೆ, ಇದು ಸಣ್ಣ ನಷ್ಟವಲ್ಲ.

ಹೀಗಾಗಿ ಹಳೆಯ ಸ್ಟುಡಿಯೊಗಳ ನೆಗೆಟಿವ್‌ಗಳಿಗೆ ಮುದ್ರಿತ ಪ್ರತಿಗಿಂತ ಹೆಚ್ಚಿನ ಬೆಲೆಯಿದೆ. ಚೆನ್ನಾಗಿ ತೆಗೆದ ಒಂದು 6×6 ನೆಗೆಟಿವ್ ಅನ್ನು ಇಂಚಿಗೆ 2,400 ಬಿಂದುಗಳಂತೆ ಸ್ಕ್ಯಾನ್ ಮಾಡಿದರೆ ಸುಮಾರು 2.8 ಕೋಟಿ ಪಿಕ್ಸೆಲ್‌ಗಳ ಚಿತ್ರ ಸಿಗುತ್ತದೆ. ಅಂಗಡಿ ಮುಚ್ಚುವಾಗ ರದ್ದಿಗೆ ಹೋಗಬಹುದಾದ ಡಬ್ಬಿಗಳನ್ನು ತೇವ ತಾಗದಂತೆ ಕಾಗದದ ಲಕೋಟೆಗಳಲ್ಲಿ ಬಿಡಿಬಿಡಿಯಾಗಿಟ್ಟು, ಹೆಸರು ವರ್ಷ ಬರೆದು ಸ್ಕ್ಯಾನ್ ಮಾಡಿಸುವ ಕೆಲಸವನ್ನು ಬೀದರ್, ಭಾಲ್ಕಿ, ಔರಾದ್‌ನ ಗ್ರಂಥಾಲಯಗಳೂ ಕಾಲೇಜುಗಳೂ ಕೈಗೆತ್ತಿಕೊಳ್ಳಬಹುದು. ಟಚಿಂಗ್ ಆದ ನೆಗೆಟಿವ್‌ಗಳಲ್ಲಿ ಸೀಸದ ಗೆರೆ ಇರುವುದು ಮೇಲ್ಮೈಯ ಮೇಲೆ, ಅದನ್ನು ಒರೆಸದೆ ಹಾಗೆಯೇ ಉಳಿಸಬೇಕು, ಯಾಕೆಂದರೆ ಅದೂ ಆ ಸ್ಟುಡಿಯೊದ ಕೈಕೆಲಸದ ದಾಖಲೆ.